ಭಾಮಿನಿಯ ಆರನೆಯ ಸಾಲು

"ಇನ್ನು ಆರೇ ತಿಂಗಳು. ಭಾಮಿನಿ ನಾನು ಹಾಕಿದ ಗೆರೆ ದಾಟದ ಹಾಗೆ ಮಾಡ್ತೀನಿ, ನೋಡ್ತಿರು" ಎಂದು ತಿದ್ದಯ್ಯ ಒಂದು ಸೋಮವಾರ ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಾ ಘೋಷಿಸಿದ.

ಮುಂದಿನ ಕೋಣೆಯಲ್ಲಿ ಓಡುತ್ತಿದ್ದ ಹೊಲಿಗೆ ಮೆಷಿನ್ನು ಗಕ್ಕನೆ ನಿಂತಿತು.

"ಯಾರ್ರೀ ಅವಳು?" ಎಂದಳು ಹೆಂಡತಿ.

"ಹೆಂಗಸಲ್ಲ ಕಣೇ. ಷಟ್ಪದಿ. ಭಾಮಿನಿ ಷಟ್ಪದಿ."

"ಹಾಗಾದ್ರೆ ಸರಿ. ಬಾಯಿ ಇಲ್ಲದವಳಾದ್ರೆ ನಿಮ್ಮ ಹತ್ರ ಹೇಗೋ ಬಾಳ್ತಾಳೆ." ಮೆಷಿನ್ನು ಮತ್ತೆ ಓಡಿತು.

ತಿದ್ದಯ್ಯ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೆಳಗ್ಗೆಯಿಂದ ಸಂಜೆಯವರೆಗೆ ಕಂಡವರ ಕೊಂಬು, ದೀರ್ಘ, ಒತ್ತಕ್ಷರಗಳನ್ನು ನೆಟ್ಟಗೆ ಮಾಡುವುದು ಅವನ ಕೆಲಸ. ಕೆಲಸ ಮುಗಿದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಕ್ಷೌರದಂಗಡಿಯ ಬೋರ್ಡು, ಬಸ್ಸಿನ ಹಿಂಭಾಗ, ಬೀಗರ ಕಾಗದ, ಏನು ಸಿಕ್ಕರೂ ಜೇಬಿನಿಂದ ಪೆನ್ನು ಹೊರಗೆ ಬರುತ್ತಿತ್ತು. ಅಚ್ಚುಕೂಟದಲ್ಲಿ ಯಾರೋ ತಮಾಷೆಗೆ ತಿದ್ದಯ್ಯ ಎಂದರು, ಬೀದಿಯವರು ಅದನ್ನೇ ಖಾಯಂ ಮಾಡಿದರು. ಅವನು ಬೇಸರಪಡಲಿಲ್ಲ. ಅದರಲ್ಲಿ ಕಾಗುಣಿತದ ತಪ್ಪೇನೂ ಇರಲಿಲ್ಲ.

ಭಾಮಿನಿಯ ಹುಚ್ಚು ಹತ್ತಿದ್ದು ಹೀಗೆ. ಬೀದಿಯ ತುದಿಯ ವಾಚನಾಲಯದಲ್ಲಿ ಒಂದು ಕುರ್ಚಿ ಇತ್ತು. ಮೂರು ಕಾಲು ಗಟ್ಟಿ, ನಾಲ್ಕನೆಯದು ಹೆಸರಿಗೆ ಮಾತ್ರ. ಕೂತವರನ್ನೆಲ್ಲ ಅದು ನೆಲಕ್ಕೆ ಇಳಿಸುತ್ತಿತ್ತು. ಒಂದು ಭಾನುವಾರ ನಿವೃತ್ತ ಡ್ರಾಯಿಂಗ್ ಮೇಷ್ಟ್ರನ್ನು ಅದು ಎರಡು ಸಲ ಬೀಳಿಸಿತು. ಎದ್ದು ಪಂಚೆ ಕೊಡವಿಕೊಂಡ ಮೇಷ್ಟ್ರು, "ಇದರ ಮೇಲೆ ಒಂದು ಕಾವ್ಯವನ್ನೇ ಬರೀಬೇಕು ಕಣಯ್ಯ" ಎಂದರು. ಒಬ್ಬರೇ ಬರೆದರೆ ಬೈಗುಳವನ್ನೂ ಒಬ್ಬರೇ ತಿನ್ನಬೇಕು, ಮೂವರು ಕೂಡಿ ಬರೆದರೆ ಹಂಚಿಕೊಳ್ಳಬಹುದು ಎನ್ನುವುದೂ ಅವರ ಯೋಚನೆಯೇ.

ಭಾಮಿನಿಗೆ ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಎಂದು ತೂಗಿಕೊಂಡು ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು, ಅದು ಪ್ರಾಸ. ಮೊದಲ ಎರಡು ಸಾಲು ಮೇಷ್ಟ್ರಿಗೆ. ನಡುವಿನ ಎರಡು, ಅಂದರೆ ಕಾವ್ಯದ ಬೆನ್ನೆಲುಬು, ತಿದ್ದಯ್ಯನಿಗೆ. ಕೊನೆಯ ಎರಡಕ್ಕೆ ಜನ ಬೇಕಿತ್ತು. ಮೇಷ್ಟ್ರು ಮೂಲೆಯ ಔಷಧಿ ಅಂಗಡಿಯವನನ್ನು ಕರೆತಂದರು. ನಲವತ್ತರ ಆಸುಪಾಸು, ಮದುವೆಯಾಗಿಲ್ಲ, ಯಾರು ಏನು ಹೇಳಿದರೂ ನಗುವ ಸ್ವಭಾವ.

"ಇವರಿಗೆ ಛಂದಸ್ಸು ಬರುತ್ತಾ?" ಎಂದು ತಿದ್ದಯ್ಯ ಕೇಳಿದ.

"ದಿನಾ ಮಾತ್ರೆ ಎಣಿಸೋನಲ್ವೇನಯ್ಯ" ಎಂದರು ಮೇಷ್ಟ್ರು.

"ಸರಿ ಬಿಡಿ. ಕೊನೇ ಸಾಲು ತಾನೇ? ಅಷ್ಟು ಹೊತ್ತಿಗೆ ಹೇಳಬೇಕಾದ್ದನ್ನೆಲ್ಲ ನಾನು ಹೇಳಿ ಮುಗಿಸಿರ್ತೀನಿ. ಇವರು ಬಾಗಿಲು ಹಾಕಿಕೊಂಡು ಬಂದ್ರೆ ಸಾಕು."

ಒಂದು ನೋಟ್‌ಬುಕ್ಕು ಗೊತ್ತಾಯಿತು. ಮೇಷ್ಟ್ರು ಬರೆದು ಸೋಮವಾರ ತಿದ್ದಯ್ಯನ ಮನೆಗೆ ಕಳಿಸುವುದು. ಅವನು ಮಂಗಳವಾರ ಬರೆಯುವುದು. ಬುಧವಾರ ಅವನ ಹೆಂಡತಿ ದಾರ, ಗುಂಡಿ ತರಲು ಹೇಗೂ ಆ ಕಡೆ ಹೋಗುತ್ತಾಳಲ್ಲ, ನೋಟ್‌ಬುಕ್ಕನ್ನು ಔಷಧಿ ಅಂಗಡಿಗೆ ಮುಟ್ಟಿಸುವುದು. ಭಾನುವಾರ ಸಂಜೆ ವಾಚನಾಲಯದಲ್ಲಿ ಮೇಷ್ಟ್ರು ಎಲ್ಲವನ್ನೂ ಓದುವುದು.

ಮೊದಲ ಮಂಗಳವಾರ ತಿದ್ದಯ್ಯ ನೆಲದ ಮೇಲೆ ನಿಘಂಟು ಹರಡಿಕೊಂಡು, ಬೆರಳು ಮಡಚುತ್ತಾ "ಮೂರು, ನಾಲ್ಕು, ಮೂರು, ನಾಲ್ಕು" ಎಂದು ಜಪ ಮಾಡುತ್ತಿದ್ದ. ಮೆಷಿನ್ನಿನ ಮೇಲೆ ಬಗ್ಗಿ ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದ ಹೆಂಡತಿ, ತಲೆಯೆತ್ತದೆ ಏನೋ ಒಂದು ಸಾಲು ಹೇಳಿದಳು.

ತಿದ್ದಯ್ಯ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಛಂದಸ್ಸು ಅಂದ್ರೆ ದಿಂಬಿನ ಕವರಲ್ಲ ಕಣೇ, ಎಳೆದು ಹಿಗ್ಗಿಸೋಕೆ" ಎಂದ.

ಅವಳು ಹಲ್ಲಿನಿಂದ ದಾರ ಕಡಿದಳು.

ಭಾನುವಾರ ಬಂತು. ವಾಚನಾಲಯದಲ್ಲಿ ಹನ್ನೆರಡು ಮಂದಿ ಇದ್ದರು. ಅವರಲ್ಲಿ ಮೂವರು ಫ್ಯಾನಿನ ಗಾಳಿಗೆ ಬಂದವರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು.

ಕಾಲು ಮೂರಿಹ ಕುರ್ಚಿಯೊಂದಿದೆ
ಮೂಲೆಯಲ್ಲಿಹುದಿದನು ನೋಡಿರಿ
ಲೋಲ ಪೀಠದ ಚಂಚಲತ್ವವ ಪೇಳಲಸದಳವು
ಶೈಲಶಿಖರವನೇರಿದವರೂ
ಸೋಲಲೇಬೇಕಿದಕೆ ಕಡೆಯಲಿ
ಕಾಲ ಕೆಳಗಿಡಿ ನಮ್ಮ ಪುಸ್ತಕವೋದುವವರಿಲ್ಲ

"ಪೇಳಲಸದಳವು" ಬಂದಾಗ ಯಾರೋ ಕೆಮ್ಮಿದರು. ಶೈಲಶಿಖರದ ಹೊತ್ತಿಗೆ ಒಬ್ಬರು ಗಡಿಯಾರ ನೋಡಿಕೊಂಡರು. ಆದರೆ ಆರನೆಯ ಸಾಲು ಮುಗಿದದ್ದೇ ತಡ, ಹನ್ನೆರಡು ಮಂದಿಯೂ ಒಟ್ಟಿಗೆ ನಕ್ಕರು. ಫ್ಯಾನಿಗಾಗಿ ಬಂದಿದ್ದ ನಿವೃತ್ತ ಬಸ್ ಡ್ರೈವರು ತೊಡೆ ತಟ್ಟಿಕೊಂಡು, "ಇನ್ನೊಂದು ಸಲ ಓದಿ ಮೇಷ್ಟ್ರೇ, ಆ ಕೊನೇದು ಮಾತ್ರ" ಎಂದರು. ಮೇಷ್ಟ್ರು ಕೊನೆಯದನ್ನು ಮಾತ್ರ ಓದಿದರು. ಮತ್ತೆ ನಗು. ಔಷಧಿ ಅಂಗಡಿಯವನು ನಾಚಿಕೊಂಡು ಕಾಲಿನ ಬೆರಳಲ್ಲಿ ನೆಲ ಕೆರೆಯುತ್ತಿದ್ದ.

ತಿದ್ದಯ್ಯನೂ ನಕ್ಕ. ಬಾಯಿ ಮಾತ್ರ ನಕ್ಕಿತು, ಉಳಿದ ಮೈ ಸಹಕರಿಸಲಿಲ್ಲ.

ಮನೆಗೆ ಬಂದು, ಯಾರು ಯಾವುದು ಬರೆದರು ಎಂದು ಹೇಳದೆ, ಹೆಂಡತಿಗೆ ಪದ್ಯ ಓದಿದ. ನ್ಯಾಯ ಮನೆಯಲ್ಲಾದರೂ ಸಿಗಲಿ ಎಂಬ ಆಸೆ. ಅವಳು ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಕೇಳಿದಳು. ಆರನೆಯ ಸಾಲಿಗೆ ಸೂಜಿಗಳನ್ನೆಲ್ಲ ಕೈಗೆ ತೆಗೆದುಕೊಂಡು ನಿಧಾನವಾಗಿ ನಕ್ಕಳು.

"ಚೆನ್ನಾಗಿದೆ ರೀ ಕೊನೇದು. ಯಾರದು?"

"ಯಾರದಾದ್ರೇನು?"

"ನಿಮ್ಮದಲ್ಲ ಅಂತ ಗೊತ್ತಾಯ್ತು ಬಿಡಿ."

ಆ ವಾರದಿಂದ ತಿದ್ದಯ್ಯನ ಎದೆಯಿಂದ ಹೊಟ್ಟೆಯವರೆಗೆ ಒಂದು ಕೆಂಡ ಓಡಾಡತೊಡಗಿತು. ಎರಡನೆಯ ಭಾನುವಾರವೂ ಹಾಗೇ ಆಯಿತು, ಮೂರನೆಯದೂ ಹಾಗೇ. ಅವನ ಸಾಲುಗಳು ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದು ಮರ್ಯಾದೆಯಿಂದ ನಿಲ್ಲುತ್ತಿದ್ದವು. ಆರನೆಯ ಸಾಲು ಬನಿಯನ್ನಿನಲ್ಲೇ ಬಂದು ಜನರನ್ನೆಲ್ಲ ತಬ್ಬಿಕೊಳ್ಳುತ್ತಿತ್ತು. ಬೀದಿಯಲ್ಲಿ ಮಕ್ಕಳು 'ಕಾಲ ಕೆಳಗಿಡಿ' ಸಾಲನ್ನು ಹೇಳಿಕೊಂಡು ಕುಂಟಾಟ ಆಡುವುದನ್ನು ಕಂಡ ದಿನ ಅವನಿಗೆ ಊಟ ಸೇರಲಿಲ್ಲ. ಉರಿ ತಡೆಯಲಾರದೆ ಔಷಧಿಗೆ ಹೋಗಬೇಕಾಯಿತು. ಬೀದಿಗೆ ಇದ್ದದ್ದು ಒಂದೇ ಅಂಗಡಿ.

"ಹೊಟ್ಟೆ ಉರಿ ಅಂತೀರಾ ಸಾರ್?" ಎಂದು ಔಷಧಿ ಅಂಗಡಿಯವನು ಕಾಳಜಿಯಿಂದ ಕೇಳಿದ. "ಯಾವಾಗಿಂದ?"

"ಭಾನುವಾರದಿಂದ."

"ಹೊರಗೇನಾದ್ರೂ ತಿಂದಿದ್ರಾ?"

"ಇಲ್ಲ. ಕೇಳಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಆರು ಮಾತ್ರೆ ಎಣಿಸಿ ಕೊಟ್ಟ. ತಿದ್ದಯ್ಯ ಅಲ್ಲೇ ನಿಂತು ಇನ್ನೊಂದು ಸಲ ಎಣಿಸಿದ. ಒಂದಾದರೂ ಕಡಿಮೆ ಇರಬಾರದೇ ಎಂದು ಹಾರೈಸಿದ. ಸರಿಯಾಗಿಯೇ ಇದ್ದವು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಮೇಷ್ಟ್ರ ಮನೆಗೆ ಹೋಗಿ, "ಈ ವಾರ ಪ್ರಾಸಕ್ಕೆ ಠ ಇಡಿ ಮೇಷ್ಟ್ರೇ. ಲ, ರ, ನ ಎಲ್ಲ ಎಳೆಮಕ್ಕಳಿಗೆ" ಎಂದ. ಠ ಎನ್ನುವ ಅಕ್ಷರದ ಪದಗಳು ಕನ್ನಡದಲ್ಲಿ ಬೆರಳಲ್ಲಿ ಎಣಿಸುವಷ್ಟಿವೆ. ಮೊದಲಿನ ನಾಲ್ಕು ಸಾಲಿಗೆ ನಾಲ್ಕನ್ನು ಖರ್ಚು ಮಾಡಿದರೆ ಕೊನೆಯವನಿಗೆ ತಳ ಕೆರೆದರೂ ಏನೂ ಸಿಗಬಾರದು. ಮೇಷ್ಟ್ರು ಮುಗ್ಧರು, ಒಪ್ಪಿದರು. ತಿದ್ದಯ್ಯ ತನ್ನ ನಾಲ್ಕನೆಯ ಸಾಲನ್ನು ಬೇಕೆಂದೇ ಅರ್ಧ ಮಾತಿನಲ್ಲಿ ಕತ್ತರಿಸಿ, ನೋಟ್‌ಬುಕ್ಕನ್ನು ಹೆಂಡತಿಯ ಕೈಗೆ ಕೊಟ್ಟ. "ಜೋಪಾನವಾಗಿ ಮುಟ್ಟಿಸು. ಪಾಪ, ಈ ವಾರ ಅವರಿಗೆ ಕಷ್ಟ ಇದೆ."

"ಪಾಪ" ಎಂದು ಅವಳೂ ಹೇಳಿದಳು.

ಭಾನುವಾರ ಪದ್ಯ ಹೀಗಿತ್ತು.

ಹಠವ ಹಿಡಿದಿದೆ ಮುರುಕು ಕುರ್ಚಿಯು
ಪಠಿಸಲಾಗದು ಕುಳಿತು ಪುಸ್ತಕ
ಕಠಿಣ ದಾರುವಿನಂತರಂಗವನರಿಯಲಾರಳವು
ಜಠರದಗ್ನಿಯ ತೆರದಿ ಕುದಿಯುವ
ಹಠಕೆ ಮದ್ದೇನೆಂದು ಕೇಳಲು
ಹಠದ ಗಂಡನ ಕಟ್ಟಿಕೊಂಡಿಹ ಹೆಂಗಸಿಗೆ ಗೊತ್ತು

ಈ ಸಲದ ನಗು ಬೀದಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾಲ್ಕು ಹೆಂಗಸರಂತೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು.

ತಿದ್ದಯ್ಯ ಎದ್ದು ನಿಂತ. "ಒಂದೇ ಪದ್ಯದಲ್ಲಿ ಮೂರು ಸಲ ಹಠ ಬಂದಿದೆ. ಇದು ದೋಷ."

"ನಿಮ್ಮದೂ ಸೇರಿದ್ರೆ ನಾಲ್ಕು" ಎಂದರು ಡ್ರೈವರು. ಅದಕ್ಕೂ ನಕ್ಕರು.

ದಾರಿಯುದ್ದಕ್ಕೂ ತಿದ್ದಯ್ಯನ ತಲೆಯಲ್ಲಿ ಒಂದೇ ಪ್ರಶ್ನೆ. ಮದುವೆಯೇ ಆಗದ ಮನುಷ್ಯ. ಹೆಂಗಸಿಗೆ ಏನು ಗೊತ್ತು ಅಂತ ಇವನಿಗೆ ಹೇಗೆ ಗೊತ್ತು? ಯಾರೋ ಹೇಳಿರಬೇಕು. ಹಠದ ಗಂಡನನ್ನು ಕಟ್ಟಿಕೊಂಡ ಯಾವಳೋ ಹೇಳಿರಬೇಕು. ಬೀದಿಯ ಹಠದ ಗಂಡಂದಿರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡ. ಎಲ್ಲರನ್ನೂ ಬಿಟ್ಟು ಬಿಟ್ಟು, ಕೊನೆಗೆ ತನ್ನ ಮನೆಯ ಬಾಗಿಲಿಗೇ ಬಂದು ನಿಂತ.

ಈಗ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಬುಧವಾರ ಒಂದು ದಾರದುಂಡೆ ತರಲು ಅವಳಿಗೆ ಒಂದು ಗಂಟೆ ಯಾಕೆ ಬೇಕು? ಬಂದ ಮೇಲೆ ಗುನುಗುವುದು ಯಾಕೆ? ಔಷಧಿ ಅಂಗಡಿಯವನ ಹೆಸರೆತ್ತಿದರೆ "ಪಾಪ" ಎನ್ನುವುದು ಯಾಕೆ? ತನಗೆ ಎರಡು ಸಲ ಜ್ವರ ಬಂದಾಗಲೂ ಅವಳು ಒಂದು ಪಾಪ ಅಂದವಳಲ್ಲ.

ಸೋಮವಾರ ಬೆಳಗ್ಗೆ ಅವಳು ನೀರು ಹಿಡಿಯಲು ಹೋದಾಗ ತಿದ್ದಯ್ಯ ಅವಳ ಅಳತೆ ಪುಸ್ತಕ ತೆಗೆದ. ಎದೆ ಮೂವತ್ತಾರು, ಸೊಂಟ ಮೂವತ್ತು, ತೋಳು ಇಪ್ಪತ್ತೆರಡು. ನಡುವೆ ಔಷಧಿ ಅಂಗಡಿಯ ಒಂದು ಕಾಗದದ ಕವರು. ಅದರ ಮೇಲೆ ಗೀಚು ಗೀಚಾದ ಅಕ್ಷರದಲ್ಲಿ, "ಬುಧವಾರ ತಪದೆ ಬನ್ನಿ. ನೀವಿಲ್ಲದೆ ನನ್ನಿಂದ ಆಗುವುದಿಲ್ಲ."

ತಿದ್ದಯ್ಯ ಮೊದಲು ಪೆನ್ನು ತೆಗೆದು 'ತಪದೆ'ಗೆ ಒತ್ತು ಕೊಟ್ಟು 'ತಪ್ಪದೆ' ಮಾಡಿದ. ಆಮೇಲೆ ಗೋಡೆಗೆ ಒರಗಿ ಕುಸಿದ.

ಹೆಂಡತಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ಏನು ಬರುತ್ತದೋ ಎಂಬ ಭಯ. ಕವರನ್ನು ಇದ್ದಲ್ಲೇ ಇಟ್ಟು ಅಚ್ಚುಕೂಟಕ್ಕೆ ಹೋದ.

ಅಂದು ಅವನ ಮೇಜಿನ ಮೇಲೆ ನೀರು ಸರಬರಾಜಿನವರ ಒಂದು ಕರಪತ್ರ ಬಂದಿತ್ತು. ಕೊಳವೆ ರಿಪೇರಿ ಇದೆ, ಬರುವ ಬುಧವಾರ ನಲ್ಲಿಯಲ್ಲಿ ನೀರು ಬರುವುದಿಲ್ಲ, ಎರಡು ಸಾವಿರ ಪ್ರತಿ ಬೇಕು. ತಿದ್ದಯ್ಯ ಪೆನ್ನು ಹಿಡಿದ. ಕಣ್ಣು ಕಾಗದದ ಮೇಲೆ, ಮನಸ್ಸು ಬುಧವಾರದ ಮೇಲೆ. 'ಬುಧವಾರ' ಎನ್ನುವ ಪದವೇ ಎದೆಗೆ ಚುಚ್ಚುತ್ತಿತ್ತು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಡಚತೊಡಗಿದವು. ಬರುವ, ಮೂರು. ಬುಧವಾ, ನಾಲ್ಕು. ಅಯ್ಯೋ, ಇದು ಭಾಮಿನಿಯ ಉದ್ದದ ಸಾಲಿಗೆ ಎಷ್ಟು ಚೆನ್ನಾಗಿ ಕೂರುತ್ತದೆ. 'ಬರುವ ಬುಧವಾರದಲಿ ನಲ್ಲಿಯ ನೀರು ಬರದಿಹುದು.' ಮಾತ್ರೆ ಸರಿಸಮ. ಔಷಧಿ ಅಂಗಡಿಯವನ ಅಪ್ಪನಿಗೂ ಬರೆಯಲಾಗದ ಸಾಲು. ಹುಮ್ಮಸ್ಸಿನಲ್ಲಿ ಕರಡಿನ ಮೇಲೆ ಹಾಗೆಯೇ ಬರೆದು ಅಚ್ಚಿಗೆ ಕಳಿಸಿದ.

ಬರೆದದ್ದು ಮಾತ್ರ 'ಬರದಿಹುದು' ಅಲ್ಲ. ಹೊಟ್ಟೆಕಿಚ್ಚಿನಲ್ಲಿ ಕೈ ಒಂದು ಕಡೆ ಜಾರಿ 'ಬರುತಿಹುದು' ಎಂದು ಬರೆದಿತ್ತು. ಮಾತ್ರೆ ಎರಡಕ್ಕೂ ಒಂದೇ. ಆದ್ದರಿಂದ ತಿದ್ದಯ್ಯನ ಬೆರಳಿಗೆ ತಪ್ಪು ಸಿಕ್ಕಲಿಲ್ಲ. ಮಂಗಳವಾರ ಸಂಜೆಯೊಳಗೆ ಎರಡು ಸಾವಿರ ಮನೆಗಳಿಗೆ, ಬುಧವಾರ ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ಶುಭವಾರ್ತೆ ತಲುಪಿತು. ದಿನವೂ ಬರುವ ನೀರಿಗೆ ಚೀಟಿ ಯಾಕೆ ಎಂದು ಜನ ಸ್ವಲ್ಪ ಆಶ್ಚರ್ಯಪಟ್ಟರು. ಯಾರೂ ಒಂದು ಕೊಡವ‌ನ್ನೂ ತುಂಬಿಡಲಿಲ್ಲ.

ಬುಧವಾರ ತಿದ್ದಯ್ಯ ತಲೆನೋವೆಂದು ಕೆಲಸಕ್ಕೆ ರಜೆ ಹಾಕಿದ.

"ಹೊರಗೆ ಹೋಗಲ್ವಾ?" ಎಂದು ಹೆಂಡತಿ ಕೇಳಿದಳು.

"ಯಾಕೆ, ಹೋಗಬೇಕಿತ್ತಾ?"

"ಹಾಗಲ್ಲ, ಸುಮ್ನೆ ಕೇಳಿದೆ. ಸ್ನಾನನಾದ್ರೂ ಮಾಡಿ."

ಸುಮ್ಮನೆ ಕೇಳಿದಳಂತೆ. ಆ ಸಿಟ್ಟಿನಲ್ಲಿ ಕರಪತ್ರದ ಮಾತನ್ನೂ ಮರೆತು ತಿದ್ದಯ್ಯ ಸ್ನಾನದ ಮನೆಗೆ ಹೋಗಿ ಬಾಗಿಲು ಸ್ವಲ್ಪವೇ ತೆರೆದಿಟ್ಟ. ಕೊಳಾಯಿಯಲ್ಲಿ ಉಳಿದಿದ್ದ ಎರಡು ತಂಬಿಗೆ ನೀರು ಹೊಯ್ದುಕೊಂಡು, ಸಿಟ್ಟನ್ನೆಲ್ಲ ಸೋಪಿನ ಮೇಲೆ ತೀರಿಸಿಕೊಂಡ. ತಲೆ, ಮುಖ, ಕಿವಿ, ಎದೆ ಎಲ್ಲ ಬಿಳಿ ನೊರೆ. ಮತ್ತೆ ನಲ್ಲಿ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ಇವಳೇ, ನೀರು" ಎಂದು ಕೂಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಗಂಡಸಿನ ಧ್ವನಿ. ಅದೇ ಧ್ವನಿ. ಕಿವಿಯಲ್ಲಿ ಸೋಪು ತುಂಬಿದ್ದರಿಂದ ಮಾತು ತುಂಡು ತುಂಡಾಗಿ ಕೇಳಿಸುತ್ತಿತ್ತು. "...ನೀವು ಬರ್ಲಿಲ್ಲ ಅಂತ ನಾನೇ ಬಂದೆ..." ಹೆಂಡತಿಯ ಧ್ವನಿ, "...ಮೆಲ್ಲಗೆ, ಒಳಗಿದ್ದಾರೆ..." ಮತ್ತೆ ಅವನು, "...ನಿಮ್ಮ ಕೈ ಬೀಳದೆ ಆಗಲ್ಲ..." ಮತ್ತೆ ಅವಳು, "...ಅವರಿಗೆ ಗೊತ್ತಾದ್ರೆ ಮನಸ್ಸಿಗೆ ತಗೋತಾರೆ..."

ಇಷ್ಟು ಸಾಕಾಯಿತು. ತಿದ್ದಯ್ಯ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮಾತ್ರ ತೆರೆದು, ನೊರೆಯ ಗೊಂಬೆಯ ಹಾಗೆ ಮುಂದಿನ ಕೋಣೆಗೆ ನುಗ್ಗಿದ.

"ಏನು ನಡೀತಿದೆ ಇಲ್ಲಿ?"

ಅಷ್ಟರಲ್ಲಿ ಬೀದಿಯವರೂ ಬಂದು ಸೇರಿದ್ದರು, ಕೋಣೆಯಲ್ಲಿ ಇಬ್ಬರೇ ಇರಲಿಲ್ಲ. ಮೆಷಿನ್ನಿನ ಹತ್ತಿರ ಹೆಂಡತಿ. ಎದುರಿಗೆ ನೀರಿನ ಕ್ಯಾನು ಹಿಡಿದ ಔಷಧಿ ಅಂಗಡಿಯವನು. ಹೊಸ್ತಿಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೆಟ್ಟಿಲ ಮೇಲೆ ಬಸ್ ಡ್ರೈವರು. ಅವರ ಹಿಂದೆ ಬೀದಿಯ ಏಳೆಂಟು ಹೆಂಗಸರು, ಒಂದು ಕೈಯಲ್ಲಿ ಖಾಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಕರಪತ್ರ. ಎಲ್ಲರೂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನೂ ನಡೀತಿಲ್ಲ" ಎಂದಳು ಹೆಂಡತಿ. "ನಲ್ಲಿಯೂ ನಡೀತಿಲ್ಲ. ಅದನ್ನೇ ಕೇಳೋಕೆ ಬಂದಿದ್ದಾರೆ."

ತಿದ್ದಯ್ಯನಿಗೆ ನಲ್ಲಿಯ ಚಿಂತೆ ಇರಲಿಲ್ಲ. ನೊರೆ ಸುರಿಯುತ್ತಿದ್ದ ಬೆರಳನ್ನು ಔಷಧಿ ಅಂಗಡಿಯವನ ಕಡೆಗೆ ಚಾಚಿದ. "ಬುಧವಾರ ತಪ್ಪದೆ ಬನ್ನಿ, ನೀವಿಲ್ಲದೆ ನನ್ನಿಂದ ಆಗೋದಿಲ್ಲ. ಇದನ್ನ ಬರೆದೋನು ಯಾರು?"

ಔಷಧಿ ಅಂಗಡಿಯವನು ಕ್ಯಾನು ಕೆಳಗಿಟ್ಟು ತಿದ್ದಯ್ಯನ ಹೆಂಡತಿಯ ಕಡೆ ನೋಡಿದ. "ಅಕ್ಕಾ, ಹೇಳಿಬಿಡ್ಲಾ?"

ಅಕ್ಕಾ ಎಂಬ ಪದ ಸೋಪನ್ನು ದಾಟಿಕೊಂಡು ತಿದ್ದಯ್ಯನ ಕಿವಿಯೊಳಗೆ ಹೋಯಿತು.

"ನಾನೇ ಬರೆದದ್ದು ಸಾರ್. ಅಕ್ಕ ಬರದಿದ್ರೆ ಐದನೇ ಸಾಲೂ ಇಲ್ಲ, ಆರನೇದೂ ಇಲ್ಲ. ಅಷ್ಟೂ ಅವರದೇ. ನಾನು ಹತ್ತರ ಸ್ಟ್ರಿಪ್ಪು ಎಣಿಸಬಲ್ಲೆ. ಈ ಮೂರು, ನಾಲ್ಕು, ಮೂರು, ನಾಲ್ಕು ನನ್ನ ತಲೆಗೆ ಹತ್ತೋದೇ ಇಲ್ಲ. ಮೊದಲನೇ ವಾರವೇ ಬಿಟ್ಟುಬಿಡ್ತೀನಿ ಅಂದೆ. ಅಕ್ಕ ನೋಟ್‌ಬುಕ್ ನೋಡಿ, ನಿಂತ ನಿಲುವಿನಲ್ಲೇ ಎರಡು ಸಾಲು ಹೇಳಿದ್ರು."

ಬಾಗಿಲ ಹೊರಗಿದ್ದ ಹೆಂಗಸರಲ್ಲಿ ಒಬ್ಬಳು, "ಅದಕ್ಕೇ ಹಠದ ಗಂಡ ಅಷ್ಟು ಸರಿಯಾಗಿ ಬಂದಿದ್ದ" ಎಂದಳು. ಬಕೆಟ್ಟುಗಳು ಒಂದಕ್ಕೊಂದು ತಾಕಿ ಸದ್ದಾಯಿತು. ಯಾರೂ ನಗು ತಡೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಡ್ರೈವರು ಕರಪತ್ರವನ್ನು ಮುಂದೆ ಹಿಡಿದರು. "ಅದಿರಲಿ ಸ್ವಾಮಿ, ಇದೇನು? ನೀರು ಬರುತಿಹುದು ಅಂತ ಹಾಕಿದ್ದೀರಲ್ಲ."

ತಿದ್ದಯ್ಯ ತೆರೆದಿದ್ದ ಒಂದು ಕಣ್ಣಿನಿಂದ ಓದಿದ. ಇಪ್ಪತ್ತೆರಡು ವರ್ಷದ ಹೆಸರು ಎರಡು ಅಕ್ಷರದಲ್ಲಿ ಹೋಗಿತ್ತು. ಏನಾದರೂ ಹೇಳಬೇಕಲ್ಲ ಎಂದು, "ಮಾತ್ರೆ ಸರಿಯಾಗಿದೆ" ಎಂದ.

"ಮಾತ್ರೆ ಇಟ್ಕೊಂಡು ಏನ್ ಮಾಡ್ಲಿ? ನುಂಗೋಕಾದ್ರೂ ನೀರು ಬೇಕಲ್ಲ."

ಹಿತ್ತಲಲ್ಲಿ ಹೆಂಡತಿ ಔಷಧಿ ಅಂಗಡಿಯವನ ಕ್ಯಾನಿನಿಂದ ಒಂದೊಂದೇ ಲೋಟ ನೀರು ಹೊಯ್ದು ಗಂಡನ ನೊರೆ ತೊಳೆದಳು. ಉಳಿದದ್ದನ್ನು ಬೀದಿಯವರ ಬಕೆಟ್ಟುಗಳಿಗೆ ಅಳತೆ ಹಾಕಿ ಹಂಚಿದಳು. ತಿದ್ದಯ್ಯ ಮಧ್ಯಾಹ್ನವೆಲ್ಲ ಮನೆಮನೆಗೂ ಹೋಗಿ, ಬರುವುದಿಲ್ಲ, ಬರುವುದಿಲ್ಲ ಎಂದು ಹೇಳಿ ಬಂದ. ಅದು ಆಗಲೇ ಎಲ್ಲರಿಗೂ ಗೊತ್ತಿತ್ತು. ಅಚ್ಚುಕೂಟದ ಯಜಮಾನರು ಮಾರನೆಯ ದಿನ ಅವನನ್ನು ಬೈಯಲಿಲ್ಲ. "ಗದ್ಯವನ್ನ ಗದ್ಯವಾಗೇ ಬಿಡಿ" ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮೂರು ದಿನ ತಿದ್ದಯ್ಯ ಮನೆಯಲ್ಲಿ ಮಾತಾಡಲಿಲ್ಲ. ಅನುಮಾನ ಹೋಗಿತ್ತು, ಉರಿ ಹೋಗಿರಲಿಲ್ಲ. ಹೊರಗಿನವನ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ಸೌಕರ್ಯವಿದೆ. ಅವನ ಅಂಗಡಿಯ ಮುಂದೆ ಹೋಗದಿದ್ದರೆ ಆಯಿತು. ಮನೆಯವಳ ಮೇಲೆ ಪಟ್ಟರೆ ಅವಳೇ ಬಡಿಸಬೇಕು, ಇವನು ಅವಳೆದುರೇ ಕೂತು ಉಣ್ಣಬೇಕು. ಅನ್ನ ರುಚಿಯಾಗಿದ್ದರೆ ಅದಕ್ಕೂ ಉರಿ.

ನಾಲ್ಕನೆಯ ದಿನ ತಡೆಯಲಾರದೆ ಕೇಳಿದ. "ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ" ಎಂದಳು ಅವಳು, ಮೆಷಿನ್ನು ನಿಲ್ಲಿಸದೆ. "ಮೊದಲನೇ ಮಂಗಳವಾರವೇ ಒಂದು ಸಾಲು ಹೇಳಿದೆ. ನೀವು ದಿಂಬಿನ ಕವರು ಅಂದ್ರಿ."

"ಯಾವ ಸಾಲು?"

"ಕಾಲ ಕೆಳಗಿಡಿ ನಮ್ಮ ಪುಸ್ತಕವೋದುವವರಿಲ್ಲ."

ತಿದ್ದಯ್ಯನ ಕೈ ಜೇಬಿನ ಪೆನ್ನಿಗೆ ಹೋಗಿ ಬರಿದೇ ವಾಪಸು ಬಂತು. ಮಕ್ಕಳು ಕುಂಟಾಟಕ್ಕೆ ಹೇಳಿಕೊಳ್ಳುತ್ತಿದ್ದ ಸಾಲು ಮೊದಲು ಬಂದದ್ದು ತನ್ನ ಬಾಗಿಲಿಗೆ. ತಾನು ಮುಖ ತಿರುಗಿಸಿದ್ದಕ್ಕೆ ಅದು ಮೂಲೆಯ ಅಂಗಡಿಗೆ ಹೋಗಿ ಸೇರಿತ್ತು.

"ಛಂದಸ್ಸು ಎಲ್ಲಿ ಕಲಿತೆ?"

"ಕಲಿಯೋದೇನು ಬಂತು? ನೀವು ಇಪ್ಪತ್ತು ವರ್ಷದಿಂದ ಕಾವ್ಯದ ಕರಡೆಲ್ಲ ಮನೆಗೆ ತಂದು, ಪಕ್ಕದಲ್ಲಿ ಕೂತು ಮೂರು ನಾಲ್ಕು ಮೂರು ನಾಲ್ಕು ಅಂತಿದ್ದೀರಿ. ನನಗೆ ಅದು ಕಾಲಿಗೆ ಬಂದುಬಿಟ್ಟಿದೆ." ಅವಳು ಪೆಡಲು ತುಳಿದಳು. ತಿದ್ದಯ್ಯ ಕಿವಿಗೊಟ್ಟು ಕೇಳಿದ. ಹೌದು, ಮೆಷಿನ್ನು ಭಾಮಿನಿಯಲ್ಲೇ ಓಡುತ್ತಿತ್ತು.

"ಒಂದು ಹೇಳ್ತೀನಿ" ಎಂದಳು ಅವಳು. ಈ ಸಲ ಕಾಲು ನಿಲ್ಲಿಸಿದ್ದಳು. "ನಿಮ್ಮ ನಾಲ್ಕನೇ ಸಾಲು ಇಲ್ಲದಿದ್ರೆ ನನ್ನ ಐದನೇದು ಹುಟ್ತಿರಲಿಲ್ಲ. ಶೈಲಶಿಖರ ಅಂತ ಅಷ್ಟೆತ್ತರಕ್ಕೆ ಹತ್ತಿಸಿ ಬಿಟ್ಟಿದ್ರಿ. ಕೆಳಗಿಳಿಸೋರು ಒಬ್ಬರು ಬೇಕಿತ್ತು, ಅಷ್ಟೇ."

ತಾನು ಇಷ್ಟು ವಾರ ಔಷಧಿ ಅಂಗಡಿಯವನ ಜೊತೆ ಬರೆಯುತ್ತಿದ್ದೇನೆ ಎಂದುಕೊಂಡು ಉರಿದದ್ದೆಲ್ಲ, ಹೆಂಡತಿಯ ಜೊತೆ ಕೂಡಿ ಬರೆದದ್ದು. ಆ ಲೆಕ್ಕಾಚಾರ ತಿದ್ದಯ್ಯನಿಗೆ ಆಗ ಹೊಳೆಯಿತು. ಅವನಿಗೆ ಸಂತೋಷವಾಯಿತು. ಆದರೂ ಒಂದು ಮೂಲೆಯಲ್ಲಿ ಸಣ್ಣಗೆ ಹೊಗೆ ಇತ್ತು.

"ಆದ್ರೂ ಆರನೇ ಸಾಲು ಒಂದು ಸಲ ನನಗೆ ಬೇಕು" ಎಂದ.

"ತಗೊಳ್ಳಿ. ನಾನೇನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೀನಾ?"

ಹೀಗೆ ಕೂಟದ ವ್ಯವಸ್ಥೆ ಬದಲಾಯಿತು. ಔಷಧಿ ಅಂಗಡಿಯವನು ದೊಡ್ಡ ಭಾರ ಇಳಿದವನ ಹಾಗೆ ಕೇಳುಗರ ಬೆಂಚಿಗೆ ಹೋದ. ಮೊದಲ ಎರಡು ಸಾಲು ಮೇಷ್ಟ್ರಿಗೆ, ನಡುವಿನ ಎರಡು ಹೆಂಡತಿಗೆ, ಕೊನೆಯ ಎರಡು ತಿದ್ದಯ್ಯನಿಗೆ. ಆ ವಾರವೇ ವಾಚನಾಲಯದವರು ಬಡಗಿಯನ್ನು ಕರೆಸಿ ಕುರ್ಚಿಗೆ ಮೊಳೆ ಹೊಡೆಸಿದ್ದರು. ಕಾವ್ಯದ ಕಡೆಯ ಪದ್ಯ ಅದರ ಮೇಲೆಯೇ ಎಂದಾಯಿತು.

ತಿದ್ದಯ್ಯ ನಿಘಂಟು ಮುಟ್ಟಲಿಲ್ಲ. ಮೂರು ದಿನ ಬೀದಿಯಲ್ಲಿ ಓಡಾಡಿದ, ಬೆರಳು ಮಡಚಿದ, ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡಿದ. ಕೊನೆಗೆ ಒಂದು ಸಾಲು ತಾನಾಗಿ ಬಂತು. 'ಮರಕೆ ಮೊಳೆ ಹೊಡೆದಾಯ್ತು, ಕವಿಗಳ ಬಾಯಿಗಿನ್ನೆಂದು?' ಬರೆದು ಮುಗಿಸಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟಕುತ್ತದೋ ಎಂದು ನೋಡಿದ. ಕವಿಗಳು ಎಂದರೆ ಯಾರು ಎನ್ನುವುದು ಎಲ್ಲರಿಗೂ ತಿಳಿಯುವಂತಿತ್ತು. ಮೇಷ್ಟ್ರಿಗೂ ಒಂದು ಏಟು, ಹೆಂಡತಿಗೂ ಒಂದು ಏಟು, ಔಷಧಿ ಅಂಗಡಿಯವನಿಗೂ ಇಷ್ಟು ವಾರಗಳ ಬಾಕಿ ತೀರಿದ ಹಾಗೆ ಒಂದು ಏಟು. ಮೇಷ್ಟ್ರ ಕಣ್ಣಿಗೆ ಕಾಣಲೆಂದು ಶನಿವಾರ ಹೆಂಡತಿ ಪದ್ಯವನ್ನು ದಪ್ಪ ಅಕ್ಷರದಲ್ಲಿ ನಕಲು ಮಾಡಿದಳು.

ಭಾನುವಾರ ಬೆಂಚುಗಳು ತುಂಬಿದ್ದವು. ಮೇಷ್ಟ್ರು ಓದತೊಡಗಿದರು. ಹೆಂಡತಿಯ ಸಾಲುಗಳಿಗೆ ಜನ ಹದವಾಗಿ ನಕ್ಕರು. ಐದನೆಯ ಸಾಲು ಶುರುವಾಗುತ್ತಿದ್ದಂತೆ ತಿದ್ದಯ್ಯ ಬೆಂಚಿನ ತುದಿಗೆ ಜರುಗಿದ. ಯಾರೂ ನಗದಿದ್ದರೆ? ಮತ್ತೆ ಯಾರಾದರೂ ಕೆಮ್ಮಿದರೆ? ತಡೆಯಲಾರದೆ ಎದ್ದು ಹೊರಗೆ ಹೋಗಿ, ಸೈಕಲ್ಲುಗಳ ಮಧ್ಯೆ ಕಿವಿ ಮುಚ್ಚಿಕೊಂಡು ನಿಂತ.

ಮುಚ್ಚಿದ ಕಿವಿಗೂ ಕೇಳಿಸಿತು. ಒಳಗೆ ನಗು ಒಮ್ಮೆಲೇ ಎದ್ದು, ಕಿಟಕಿಯಿಂದ ಹೊರಗೆ ಬಂದು, ಸೈಕಲ್ ಸ್ಟ್ಯಾಂಡಿನ ತಗಡನ್ನು ಅದುರಿಸಿತು. ಚಪ್ಪಾಳೆ. ಡ್ರೈವರ ಧ್ವನಿ, "ಇನ್ನೊಂದು ಸಲ ಮೇಷ್ಟ್ರೇ, ಆ ಕೊನೇದು ಮಾತ್ರ."

ತಿದ್ದಯ್ಯ ಒಳಗೆ ಬಂದಾಗ ಜನ ಎದ್ದು ಬಂದು ಕೈ ಕುಲುಕಿದರು. ಔಷಧಿ ಅಂಗಡಿಯವನು ತಬ್ಬಿಕೊಂಡೇಬಿಟ್ಟ. "ಇಷ್ಟು ದೊಡ್ಡ ಮನಸ್ಸು ನಿಮ್ಮದು ಅಂತ ಗೊತ್ತಿರಲಿಲ್ಲ ಸಾರ್" ಎಂದ. ಬಕೆಟ್ಟಿನ ಹೆಂಗಸರು ಕೂಡ, "ಹಿಂದಿನದೆಲ್ಲ ಮರೆತ್ವಿ ಬಿಡಿ" ಎಂದರು. ಮನಸ್ಸಿನ ಮಾತು ಇಲ್ಲಿ ಯಾಕೆ ಬಂತು ಎಂದು ತಿದ್ದಯ್ಯನಿಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಕಾಣಲಿಲ್ಲ. ಮನೆಯವರೆಗೆ ಕಾಲು ನೆಲಕ್ಕೆ ತಾಕಲಿಲ್ಲ.

"ನೋಡಿದೆಯಾ?" ಎಂದು ದಾರಿಯಲ್ಲಿ ನಾಲ್ಕು ಸಲ ಕೇಳಿದ. ಹೆಂಡತಿ ನಾಲ್ಕು ಸಲವೂ "ನೋಡಿದೆ" ಎಂದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನೋಟ್‌ಬುಕ್ಕು ತೆರೆದ. ತನ್ನ ಸಾಲನ್ನು ಇನ್ನೊಮ್ಮೆ ಕಣ್ಣಲ್ಲಿ ಸವಿಯಬೇಕಿತ್ತು. ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ತನ್ನ ಹೆಸರಿನೊಂದಿಗೆ, ಆರನೆಯ ಸಾಲು ಹೀಗಿತ್ತು.

ಮರಕೆ ಮೊಳೆ ಹೊಡೆದಾಯ್ತು, ನನ್ನಯ ಬಾಯಿಗಿನ್ನೆಂದು?

ತಿದ್ದಯ್ಯ ಬೆರಳು ಮಡಚಿ ಎಣಿಸಿದ. ಮೂರು, ನಾಲ್ಕು, ಮೂರು, ನಾಲ್ಕು. ತಿದ್ದಲು ಒಂದು ಚುಕ್ಕೆಯಷ್ಟೂ ಜಾಗವಿರಲಿಲ್ಲ. ಇಂಥ ಸಾಲು ಬರೆದವನ ಮೇಲೆ ಅವನಿಗೆ ಹಿಂದೆಂದೂ ಆಗದಷ್ಟು ಹೊಟ್ಟೆ ಉರಿಯಿತು. ಪಕ್ಕದಲ್ಲಿದ್ದದ್ದು ತನ್ನದೇ ಹೆಸರು.

"ಕವಿಗಳ ಅಂತ ಬರೆದಿದ್ದೆ ನಾನು" ಎಂದ ಸಣ್ಣ ಧ್ವನಿಯಲ್ಲಿ. "ಅದರಲ್ಲೂ ನಾಲ್ಕೇ ಮಾತ್ರೆ ಇತ್ತಲ್ಲೇ."

"ಹೊಲಿಗೆ ಸರಿಯಾಗೇ ಇತ್ತು ರೀ" ಎಂದಳು ಹೆಂಡತಿ, ಕುತ್ತಿಗೆಯಿಂದ ಅಳತೆಯ ಟೇಪು ತೆಗೆದು ಮೊಳೆಗೆ ತೂಗು ಹಾಕುತ್ತಾ. "ಅಳತೆ ಬೇರೆಯವರದಾಗಿತ್ತು. ನಿಮ್ಮ ಮೈಗೆ ಸರಿಮಾಡಿದೆ, ಅಷ್ಟೇ."